ಅಜ್ಜನ ಫೋಟೊವನ್ನು ಅವರ ಎಡೆಯಲ್ಲಿ ಇಡಬಹುದೇ?

ಪ್ರಶ್ನೆ: ಲಾಸ್ ಏಂಜಲೀಸ್ ಬಳಿಯ ಸೆರಿಟೋಸ್‌ನಲ್ಲಿ ಒಂಬತ್ತು ವರ್ಷಗಳಿಂದ ಇದ್ದೇವೆ. ಐದನೆಯ ತರಗತಿಯಲ್ಲಿರುವ ಮಗಳನ್ನು ಅಕ್ಟೋಬರ್ ಕೊನೆಯಲ್ಲಿ ಶಾಲೆಯವರು ನಗರದ ಪೂರ್ವ ಭಾಗದಲ್ಲಿ ಲ್ಯಾಟಿನೊಗಳ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರ, ಒಂದು ಸಮುದಾಯ ಕಲಾಕೇಂದ್ರಕ್ಕೆ ಕರೆದೊಯ್ಯಲಿದ್ದಾರೆ. ಅಲ್ಲಿ ಮೆಕ್ಸಿಕೊದವರ ಮೃತರ ದಿನಕ್ಕೆಂದು ಮಕ್ಕಳೆಲ್ಲ ಸೇರಿ ‘ಓಫ್ರೆಂದಾ’, ಅಂದರೆ ತೀರಿಹೋದವರಿಗೆ ಇಡುವ ಎಡೆ, ಕಟ್ಟುತ್ತಾರಂತೆ. ಅದಕ್ಕೆ ತೀರಿಹೋದ ಹಿರಿಯರೊಬ್ಬರ ಫೋಟೊ ತರಲು ಹೇಳಿದ್ದಾರೆ. ಎರಡು ವರ್ಷದ ಹಿಂದೆ ತೀರಿಕೊಂಡ ಅಜ್ಜನ ಫೋಟೊ ಒಯ್ಯುತ್ತೇನೆಂದು ಮಗಳು ಹಟ ಹಿಡಿದಿದ್ದಾಳೆ. ಮಾವನವರದು ಇರುವುದೇ ಒಂದು ಒಳ್ಳೆಯ ಫೋಟೊ, 1974ರಲ್ಲಿ ತುಮಕೂರಿನ ಸ್ಟುಡಿಯೊದಲ್ಲಿ ತೆಗೆಸಿದ್ದು. ನಮ್ಮ ಜೊತೆಗಿರುವ ಅತ್ತೆಯವರಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಅಲ್ಲಿನ ಅಲಂಕಾರದ ತಲೆಬುರುಡೆಗಳ ನಡುವೆ ಅವರ ಫೋಟೊ ಇಡುವುದು ಅಪಶಕುನ ಎನ್ನುತ್ತಾರೆ. ‘ಅದು ಹ್ಯಾಲೊವೀನ್ ತಮಾಷೆ, ಬಿಡಿ’ ಎನ್ನುವುದು ನಮ್ಮ ಯಜಮಾನರ ಮಾತು. ನನಗಿರುವ ಅಳುಕೇ ಬೇರೆ: ಬೇರೆಯವರ ಹಬ್ಬದಲ್ಲಿ ನಾವು ಕೈಹಾಕುವುದು ಸರಿಯೇ? ಇನ್ನೊಂದು ಸಣ್ಣ ಪ್ರಶ್ನೆ. ಮೊನ್ನೆ ಸ್ಥಳ ನೋಡಿಬರಲು ಹೋದಾಗ ಅಲ್ಲಿ ಒಂದು ಪ್ರಿಂಟ್ ಬಹಳ ಹಿಡಿಸಿತು. ಕೆಳಗೆ ಪೆನ್ಸಿಲಿನಲ್ಲಿ 14/60 ಎಂದು ಬರೆದಿತ್ತು, ಬೆಲೆ 350 ಡಾಲರ್. ಪ್ರಿಂಟ್ ಎಂದರೆ ನಕಲು ತಾನೆ, ಅಷ್ಟು ಬೆಲೆ ಏಕೆ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ವರ ನಾಲ್ಕು ಚಿಂತೆಗಳಿವೆ. ಅತ್ತೆಯವರದು ಶಕುನದ ಚಿಂತೆ, ಯಜಮಾನರದು ಅಸಡ್ಡೆ, ನಿಮ್ಮದು ಸಂಕೋಚ, ಮಗಳದು ಅಜ್ಜನ ನೆನಪು. ಯಾರೂ ಪ್ರಸ್ತಾಪಿಸದ ಐದನೆಯ ಚಿಂತೆಯೊಂದು ನನಗಿದೆ: ಆ 1974ರ ಫೋಟೊ. ಕಾಗದದ ಮೇಲಿನ ಚಿತ್ರ, ಫೋಟೊ ಮತ್ತು ಮುದ್ರಣಕೃತಿಗಳ ಸಂರಕ್ಷಣೆ ನನ್ನ ವೃತ್ತಿ. ಇಂಥ ಕಲಾಕೇಂದ್ರಗಳಿಗೆ ಸಲಹೆಗಾರನಾಗಿ ಹಲವು ವರ್ಷ ಹೋಗಿ ಬಂದಿರುವುದರಿಂದ ಹಬ್ಬದ ಬಗ್ಗೆಯೂ ಕಂಡಷ್ಟನ್ನು ಹೇಳಬಲ್ಲೆ.

ಮೊದಲು ಯಜಮಾನರ ಮಾತು. ಇದು ಹ್ಯಾಲೊವೀನ್ ಅಲ್ಲ. ಹ್ಯಾಲೊವೀನ್ ಅಕ್ಟೋಬರ್ 31ರಂದು ಬರುತ್ತದೆ. ಮೆಕ್ಸಿಕೊದ ‘ದಿಯಾ ದೆ ಲೋಸ್ ಮುಎರ್ತೋಸ್’, ಅಂದರೆ ಮೃತರ ದಿನ, ನವೆಂಬರ್ 1 ಮತ್ತು 2ರಂದು. ಮೊದಲ ದಿನ ತೀರಿಹೋದ ಮಕ್ಕಳಿಗೆ, ಮರುದಿನ ದೊಡ್ಡವರಿಗೆ. ಕ್ರೈಸ್ತ ಪಂಚಾಂಗದ ಸಂತರ ದಿನ ಮತ್ತು ಆತ್ಮಗಳ ದಿನಗಳ ಸುತ್ತ ಎರಡೂ ಬರುವುದರಿಂದ, ಅಂಗಡಿಗಳು ಎರಡರ ಸಾಮಾನನ್ನೂ ಒಂದೇ ಸಾಲಿನಲ್ಲಿ ಪೇರಿಸಿಡುವುದರಿಂದ ಈ ಗೊಂದಲ ಹುಟ್ಟಿದೆ. ಆದರೆ ಹ್ಯಾಲೊವೀನಿನಲ್ಲಿ ಸತ್ತವರು ಹೆದರಿಸಲು ಬರುತ್ತಾರೆ, ಇಲ್ಲಿ ಊಟಕ್ಕೆ ಬರುತ್ತಾರೆ. ಮೆಕ್ಸಿಕೊದ ಮೂಲನಿವಾಸಿಗಳು ತಮ್ಮ ಮೃತರಿಗಾಗಿ ನಡೆಸುತ್ತಿದ್ದ ಆಚರಣೆಗಳೂ ಸ್ಪೇನಿನವರು ತಂದ ಕ್ಯಾಥೊಲಿಕ್ ಆಚರಣೆಗಳೂ ಶತಮಾನಗಳ ಕಾಲ ಬೆರೆತು ಬಂದ ಹಬ್ಬವಿದು. ಯುನೆಸ್ಕೊ 2008ರಲ್ಲಿ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಓಫ್ರೆಂದಾ ಎಂಬ ಪದಕ್ಕೆ ಕನ್ನಡದಲ್ಲಿ ಪದ ಹುಡುಕುವ ಕಷ್ಟವಿಲ್ಲ. ಹಳೆ ಮೈಸೂರಿನ ಕಡೆ ಪಿತೃಪಕ್ಷದಲ್ಲಿ ಎಡೆ ಇಡುವುದನ್ನು ಅತ್ತೆಯವರು ಖಂಡಿತ ಕಂಡಿರುತ್ತಾರೆ. ಗೋಡೆಗೆ ಒರಗಿಸಿದ ಹಿರಿಯರ ಫೋಟೊ, ಅದರ ಮುಂದೆ ಬಾಳೆಲೆ, ಹೋದವರಿಗೆ ಇಷ್ಟವಿದ್ದ ತಿಂಡಿ, ಮಡಿಸಿಟ್ಟ ಹೊಸ ಪಂಚೆ ಅಥವಾ ಸೀರೆ, ಎಲೆಅಡಿಕೆ, ಬೀಡಿ ಸೇದುವವರಾಗಿದ್ದರೆ ಒಂದು ಕಟ್ಟು ಬೀಡಿ, ಆಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು. ಮೆಕ್ಸಿಕೊದ ಎಡೆಯಲ್ಲಿ ಬಾಳೆಲೆಯ ಬದಲು ಮೆಟ್ಟಿಲು ಮೆಟ್ಟಿಲಾದ ಮೇಜು. ಅದರ ಮೇಲೆ ಫೋಟೊ, ಮೇಣದ ಬತ್ತಿ, ದೂರದಿಂದ ಬಾಯಾರಿ ಬಂದವರಿಗೆಂದು ಒಂದು ಲೋಟ ನೀರು, ಉಪ್ಪು, ಕೋಪಾಲ್ ಎಂಬ ರಾಳದ ಧೂಪ, ಹೋದವರ ಇಷ್ಟದ ಅಡುಗೆ, ಸುತ್ತಲೂ ರಾಶಿ ರಾಶಿ ಚೆಂಡುಹೂವು. ಚೆಂಡುಹೂವಿನ ಮೂಲ ನೆಲ ಮೆಕ್ಸಿಕೊವೇ. ಯುರೋಪಿಯನ್ನರ ಹಡಗುಗಳ ಕಾಲದಲ್ಲಿ ನಮ್ಮಲ್ಲಿಗೆ ಬಂದು, ಆಯುಧಪೂಜೆಗೆ ಅದಿಲ್ಲದೆ ಆಗುವುದಿಲ್ಲ ಎನ್ನುವಷ್ಟು ನಮ್ಮದಾಗಿಬಿಟ್ಟಿದೆ. ಅಲ್ಲಿ ಅದನ್ನು ಸೆಂಪಸೂಚಿಲ್ ಎನ್ನುತ್ತಾರೆ. ಅಲ್ಲಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯಲ್ಲಿ ‘ಇಪ್ಪತ್ತರ ಹೂವು’, ಅಂದರೆ ಎಸಳುಗಳು ಲೆಕ್ಕಕ್ಕೆ ಸಿಗದಷ್ಟಿರುವ ಹೂವು ಎಂದು ಅರ್ಥ. ಹೀಗೆಂದು ಎರಡೂ ಒಂದೇ ಎಂದು ಅತ್ತೆಯವರಿಗೆ ಹೇಳಬೇಡಿ. ಪಿಂಡ, ತರ್ಪಣ, ತಿಥಿ, ಕರ್ತೃ ಇವು ಯಾವುವೂ ಅಲ್ಲಿಲ್ಲ. ಮೊಮ್ಮಗಳು ಫೋಟೊ ಇಟ್ಟಳೆಂದರೆ ಶ್ರಾದ್ಧ ಮಾಡಿದಳೆಂದಾಗುವುದಿಲ್ಲ. ಹಿರಿಯರಿಗೆ ಇದನ್ನು ಬಿಡಿಸಿ ಹೇಳಿದರೆ ಅರ್ಧ ಆತಂಕ ಇಳಿಯುವುದನ್ನು ನಾನು ಕಂಡಿದ್ದೇನೆ. ಎಷ್ಟೋ ಸಲ ಅವರ ಭಯ ಬುರುಡೆಯದಾಗಿರುವುದಿಲ್ಲ, ಕರ್ಮ ಕೆಟ್ಟೀತೆಂಬುದಾಗಿರುತ್ತದೆ.

ಆದರೂ ಬುರುಡೆಯ ವಿಷಯವನ್ನು ತಳ್ಳಿಹಾಕುವಂತಿಲ್ಲ. ನಮ್ಮಲ್ಲಿ ಬುರುಡೆ ಸ್ಮಶಾನಕ್ಕೆ ಸೇರಿದ್ದು; ಕಾಳಿಯ ಕೊರಳಲ್ಲಿ, ಭೈರವನ ಕೈಯಲ್ಲಿ ಇರಬಹುದೇ ಹೊರತು ಮನೆಯ ಹಿರಿಯರ ಪಕ್ಕದಲ್ಲಿ ಅಲ್ಲ. ಮೆಕ್ಸಿಕೊದಲ್ಲಿ ಅದಕ್ಕೆ ಬಂದಿರುವ ಅರ್ಥ ಬೇರೆ, ಮತ್ತು ಆ ಅರ್ಥ ಹರಡಿದ್ದು ಬಹುಮಟ್ಟಿಗೆ ಅಚ್ಚುಕೂಟದಿಂದ. ಹೊಸೆ ಗ್ವಾದಲೂಪೆ ಪೊಸಾದಾ (1852–1913) ಎಂಬ ಮುದ್ರಣಕಲಾವಿದ ಮೆಕ್ಸಿಕೊ ನಗರದಲ್ಲಿ ಬಿಡಿಕಾಸಿಗೆ ಮಾರುವ ಹಾಳೆಗಳಿಗಾಗಿ ಅಸ್ಥಿಪಂಜರಗಳ ಚಿತ್ರ ಕೊರೆಯುತ್ತಿದ್ದ. ಸೈಕಲ್ ಹೊಡೆಯುವ, ಕುಣಿಯುವ, ಜಗಳವಾಡುವ ಅಸ್ಥಿಪಂಜರಗಳು. ಅವನ ಕೊನೆಯ ವರ್ಷಗಳ ಒಂದು ಚಿತ್ರದಲ್ಲಿ ಯುರೋಪಿನ ಫ್ಯಾಷನ್ನಿನ ಗರಿಯ ಟೋಪಿ ತೊಟ್ಟು ಹಲ್ಲು ಕಿಸಿದಿರುವ ಬುರುಡೆಯೊಂದಿದೆ; ತನ್ನ ಬೇರನ್ನು ಮರೆತು ಮೈಬಣ್ಣ ಬಿಳಿಯಾಗಿಸಿಕೊಳ್ಳಲು ಹೊರಟವರ ಗೇಲಿ ಅದು. 1947ರಲ್ಲಿ ದಿಯೇಗೊ ರಿವೇರಾ ತನ್ನ ಭಿತ್ತಿಚಿತ್ರದಲ್ಲಿ ಆ ಬುರುಡೆಗೆ ಉದ್ದನೆಯ ಲಂಗ, ಪೂರ್ಣ ಮೈ ಕೊಟ್ಟು, ಪಕ್ಕದಲ್ಲಿ ಪೊಸಾದಾನನ್ನೂ ನಿಲ್ಲಿಸಿದ. ಆ ಬುರುಡೆಗೆ ‘ಕತ್ರಿನಾ’ ಎಂಬ ಹೆಸರು ನಿಂತಿದೆ; ಇಂದು ಮಕ್ಕಳ ಮುಖಕ್ಕೆ ಬಳಿಯುವ ಅದೇ ಹೆಸರಿನ ಬಣ್ಣದ ಮೂಲ ಇದು. ಸಾವಿನೆದುರು ಸಾಹುಕಾರನೂ ಒಂದೇ, ಕೂಲಿಯವನೂ ಒಂದೇ ಎನ್ನುವ ನಗು ಅದರಲ್ಲಿದೆ. ಸಕ್ಕರೆಯ ಬುರುಡೆಯಂತೂ ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನ ದೂರದ ನೆಂಟ. ಅಚ್ಚಿಗೆ ಒದ್ದೆ ಸಕ್ಕರೆ ಒತ್ತಿ, ಒಣಗಿಸಿ, ಬಣ್ಣದ ಐಸಿಂಗಿನಲ್ಲಿ ಕಣ್ಣಿನ ಸುತ್ತ ಹೂವು ಬರೆದು, ಹಣೆಯ ಮೇಲೆ ಹೆಸರು ಬರೆಯುತ್ತಾರೆ. ನೀವು ಸಸ್ಯಾಹಾರಿಗಳಾದರೆ ಒಂದು ಮಾತು: ಆ ಸಕ್ಕರೆ ಕೂಡಲೆಂದು ಬೆರೆಸುವ ಪುಡಿಯಲ್ಲಿ ಸಾಮಾನ್ಯವಾಗಿ ಮೊಟ್ಟೆಯ ಬಿಳಿಭಾಗವಿರುತ್ತದೆ, ಹಬ್ಬದ ‘ಪಾನ್ ದೆ ಮುಎರ್ತೊ’ ಬ್ರೆಡ್ಡಿನಲ್ಲೂ ಮೊಟ್ಟೆ ಇರುತ್ತದೆ, ಕೆಲವೊಮ್ಮೆ ಹಂದಿಯ ಕೊಬ್ಬೂ ಇರುತ್ತದೆ. ಶಿಬಿರದಲ್ಲಿ ಮಾಡಿದ ಬುರುಡೆಯನ್ನು ಹೇಗೂ ಯಾರೂ ತಿನ್ನುವುದಿಲ್ಲ, ಇಪ್ಪತ್ತು ಕೈಗಳು ಮುಟ್ಟಿರುತ್ತವೆ.

ಈಗ ನಿಮ್ಮ ಸಂಕೋಚಕ್ಕೆ ಬರುತ್ತೇನೆ. ಉತ್ತರ ಆ ಕೇಂದ್ರಗಳು ಹುಟ್ಟಿದ ಬಗೆಯಲ್ಲಿದೆ, ಆದ್ದರಿಂದ ತುಸು ಹಿಂದೆ ಹೋಗಬೇಕು. 1960ರ ದಶಕದ ಕೊನೆಯಲ್ಲಿ ಪೂರ್ವ ಲಾಸ್ ಏಂಜಲೀಸಿನ ಮೆಕ್ಸಿಕನ್ ಮೂಲದ ಅಮೆರಿಕನ್ನರು ತಮ್ಮನ್ನು ‘ಚಿಕಾನೊ’ ಎಂದು ಹೆಮ್ಮೆಯಿಂದ ಕರೆದುಕೊಳ್ಳತೊಡಗಿದ್ದರು. 1968ರಲ್ಲಿ ಅಲ್ಲಿನ ಹೈಸ್ಕೂಲು ವಿದ್ಯಾರ್ಥಿಗಳು ಕಳಪೆ ಶಿಕ್ಷಣದ ವಿರುದ್ಧ ತರಗತಿಗಳಿಂದ ಹೊರನಡೆದರು. 1970ರ ಆಗಸ್ಟ್ 29ರಂದು ವಿಯೆಟ್ನಾಂ ಯುದ್ಧದ ವಿರುದ್ಧ ನಡೆದ ದೊಡ್ಡ ಮೆರವಣಿಗೆಯ ಮೇಲೆ ಪೊಲೀಸರು ಎರಗಿದಾಗ ಪತ್ರಕರ್ತ ರೂಬೆನ್ ಸಲಜಾರ್ ಸೇರಿದಂತೆ ಕನಿಷ್ಠ ಮೂವರು ಸತ್ತರು. ಅದೇ ವರ್ಷ ಸಿಸ್ಟರ್ ಕ್ಯಾರನ್ ಬೊಕ್ಕಾಲೆರೊ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿನಿ, ಸ್ವತಃ ಮುದ್ರಣಕಲಾವಿದೆ, ಮೆಕ್ಸಿಕೊದಿಂದ ಬಂದಿದ್ದ ಕಾರ್ಲೋಸ್ ಬುಯೆನೊ, ಆಂಟೋನಿಯೊ ಇಬಾನ್ಯೆಸ್ ಮುಂತಾದ ಕಲಾವಿದರೊಡನೆ ಒಂದು ಗ್ಯಾರೇಜಿನಲ್ಲಿ ಮುದ್ರಣದ ಕೆಲಸ ಆರಂಭಿಸಿದರು. ಅದೇ ಮುಂದೆ ‘ಸೆಲ್ಫ್ ಹೆಲ್ಪ್ ಗ್ರಾಫಿಕ್ಸ್ ಅಂಡ್ ಆರ್ಟ್’ ಎಂಬ ಸಂಸ್ಥೆಯಾಯಿತು. 1975ರಿಂದ ಅವರು ಒಂದು ವ್ಯಾನನ್ನೇ ಸಂಚಾರಿ ಕಲಾಶಾಲೆ ಮಾಡಿ ಬೀದಿಗಳಿಗೂ ಶಾಲೆಗಳಿಗೂ ಒಯ್ದು ಮಕ್ಕಳಿಗೆ ಫೋಟೊಗ್ರಫಿ, ಸ್ಕ್ರೀನ್ ಪ್ರಿಂಟಿಂಗ್, ಬಾಟಿಕ್ ಕಲಿಸಿದರು.

ದೊಡ್ಡ ಮ್ಯೂಸಿಯಂಗಳ ಬಾಗಿಲು ಚಿಕಾನೊ ಕಲಾವಿದರಿಗೆ ಮುಚ್ಚಿದ್ದುದು ಇಂಥ ಕೇಂದ್ರಗಳು ಹುಟ್ಟಲು ಮುಖ್ಯ ಕಾರಣ. ಕಲಾವಿದ ಹ್ಯಾರಿ ಗಾಂಬೋವಾ ಹೇಳುವಂತೆ, ಚಿಕಾನೊಗಳ ಕೃತಿಗಳು ನಿಮ್ಮಲ್ಲಿ ಏಕಿಲ್ಲ ಎಂದು ಲಾಸ್ ಏಂಜಲೀಸ್ ಕೌಂಟಿ ಮ್ಯೂಸಿಯಂನವರನ್ನು ಕೇಳಿದಾಗ, ಅವರು ಲಲಿತಕಲೆ ಮಾಡುವವರಲ್ಲ ಎಂಬರ್ಥದ ಉತ್ತರ ಬಂದಿತಂತೆ. 1972ರಲ್ಲಿ ಗಾಂಬೋವಾ ಅವರೂ ‘ಆಸ್ಕೊ’ ಎಂಬ ಕಲಾವಿದರ ಗುಂಪಿನ ಗೆಳೆಯರೂ ರಾತ್ರಿ ಹೋಗಿ ಮ್ಯೂಸಿಯಂನ ಹೊರಗೋಡೆಯ ಮೇಲೆ ತಮ್ಮ ಹೆಸರುಗಳನ್ನು ಸ್ಪ್ರೇ ಬಣ್ಣದಲ್ಲಿ ಬರೆದು ಬಂದರು. ಇಡೀ ಕಟ್ಟಡವೇ ತಮ್ಮ ಕೃತಿ ಎಂದು ಸಹಿ ಹಾಕಿದ ಹಾಗೆ. ಎರಡೇ ವರ್ಷದಲ್ಲಿ, 1974ರಲ್ಲಿ, ಅದೇ ಮ್ಯೂಸಿಯಂನಲ್ಲಿ ‘ಲೋಸ್ ಫೋರ್’ ಎಂಬ ಚಿಕಾನೊ ಕಲಾವಿದರ ಪ್ರದರ್ಶನ ನಡೆಯಿತು. ನಿಮ್ಮ ಮಾವನವರು ತುಮಕೂರಿನ ಸ್ಟುಡಿಯೊದಲ್ಲಿ ಕುಳಿತ ವರ್ಷವೇ ಅದು.

ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಸಂಗತಿ ಇದು: ಅಮೆರಿಕದ ನಗರಗಳಲ್ಲಿ ಮೃತರ ದಿನ ಸಾರ್ವಜನಿಕ ಹಬ್ಬವಾದದ್ದು ಚರ್ಚಿನಿಂದಲ್ಲ, ಇಂಥ ಕಲಾಕೇಂದ್ರಗಳಿಂದ. ಅಲ್ಲಿ ಹುಟ್ಟಿ ಬೆಳೆದ ಎಷ್ಟೋ ಮೆಕ್ಸಿಕನ್ ಅಮೆರಿಕನ್ ಕುಟುಂಬಗಳಿಗೆ ಎಡೆ ಇಡುವ ರೂಢಿ ತಪ್ಪಿಹೋಗಿತ್ತು. 1970ರ ದಶಕದ ಆರಂಭದಲ್ಲಿ ಸೆಲ್ಫ್ ಹೆಲ್ಪ್ ಗ್ರಾಫಿಕ್ಸ್‌ನ ಕಲಾವಿದರು ಲಾಸ್ ಏಂಜಲೀಸಿನ ಬಾಯ್ಲ್ ಹೈಟ್ಸ್ ಬಡಾವಣೆಯ ಎವರ್‌ಗ್ರೀನ್ ಸ್ಮಶಾನದಿಂದ ವೇಷ ತೊಟ್ಟ ಮೆರವಣಿಗೆ ಹೊರಡಿಸಿದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1970ರಲ್ಲಿ ಶುರುವಾಗಿದ್ದ ‘ಗಲೆರಿಯಾ ದೆ ಲಾ ರಾಸಾ’ 1972ರಲ್ಲಿ ಇದೇ ಹಬ್ಬದ ಪ್ರದರ್ಶನ ನಡೆಸಿತು. ಷಿಕಾಗೊದ ಪಿಲ್ಸೆನ್ ಬಡಾವಣೆಯಲ್ಲಿ 1987ರಲ್ಲಿ ತೆರೆದ ಮೆಕ್ಸಿಕನ್ ಕಲೆಯ ರಾಷ್ಟ್ರೀಯ ಮ್ಯೂಸಿಯಂ ಆ ವರ್ಷದಿಂದಲೇ ಪ್ರತಿ ಶರತ್ಕಾಲದಲ್ಲಿ ಇದರ ದೊಡ್ಡ ಪ್ರದರ್ಶನ ನಡೆಸುತ್ತ ಬಂದಿದೆ, ಪ್ರವೇಶಕ್ಕೆ ಶುಲ್ಕವಿಲ್ಲ. ಹಾಗಾಗಿ ನಿಮ್ಮ ಮಗಳು ಹೋಗುತ್ತಿರುವುದು ದೇವಾಲಯದ ಗರ್ಭಗುಡಿಗಲ್ಲ. ನೆನಪನ್ನು ಕೈಕೆಲಸವಾಗಿ ಕಲಿಸುವ, ಹೊರಗಿನವರನ್ನು ಕರೆದು ಕೂರಿಸಿಕೊಳ್ಳುವ ಕಾರ್ಯಾಗಾರಕ್ಕೆ. ಕರೆದವರ ಮನೆಗೆ ಕರೆದ ದಿನ ಹೋಗುವುದರಲ್ಲಿ ಸಂಕೋಚ ಬೇಡ.

ಹಾಗಾದರೆ ಸಂಕೋಚ ಪಡಬೇಕಾದ ಜಾಗವೇ ಇಲ್ಲವೇ? ಇದೆ. 2013ರಲ್ಲಿ ಡಿಸ್ನಿ ಕಂಪನಿ ಈ ಹಬ್ಬದ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿ, ಜನ ಸಿಟ್ಟಿಗೆದ್ದ ಮೇಲೆ ಹಿಂತೆಗೆದುಕೊಂಡಿತು. ಬಾಯ್ಲ್ ಹೈಟ್ಸ್‌ನಲ್ಲಿ 2016ರ ಸುಮಾರಿಗೆ ಹೊಸ ಆರ್ಟ್ ಗ್ಯಾಲರಿಗಳ ವಿರುದ್ಧ ಬೀದಿಯ ಜನ ಪ್ರತಿಭಟಿಸಿದರು. ಗ್ಯಾಲರಿ ಬಂದರೆ ಹಿಂದೆಯೇ ಕಾಫಿ ಅಂಗಡಿ, ಅದರ ಹಿಂದೆ ಏರಿದ ಬಾಡಿಗೆ, ಕೊನೆಗೆ ತಾವು ಮನೆ ಖಾಲಿ ಮಾಡುವುದು ಎಂಬ ಅವರ ಲೆಕ್ಕ ಸುಳ್ಳೇನಲ್ಲ. ಆ ಸಿಟ್ಟು ನೋಡಲು ಬರುವವರ ಮೇಲಿನದಲ್ಲ, ಮೂಲವನ್ನು ಮರೆತು ಮಾರಿಕೊಳ್ಳುವವರ ಮೇಲಿನದು. ಮಗಳು ಕೂತು ಕಾಗದ ಕತ್ತರಿಸಿ ಎಡೆ ಕಟ್ಟಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಮುಂದಿನ ವಾರ ಯಾರದೋ ಹುಟ್ಟುಹಬ್ಬಕ್ಕೆ ಅದೇ ಬುರುಡೆ ಮೇಕಪ್ಪು ಹಾಕಿ ಕುಣಿದರೆ ನೋಯುವವರಿದ್ದಾರೆ. ಬೇರೆಯವರ ಎಡೆಯ ಫೋಟೊ ತೆಗೆಯುವ ಮುನ್ನ ಅವರನ್ನು ಕೇಳಿ. ಅಲ್ಲಿರುವ ಮುಖಗಳಲ್ಲಿ ಕೆಲವು ಆರು ತಿಂಗಳ ಹಿಂದಷ್ಟೇ ಹೋದವರವು. ಅಲ್ಲಿನ ಫಲಕಗಳಲ್ಲಿ ಕಾಣುವ ‘ಲ್ಯಾಟಿನೆಕ್ಸ್’ ಎಂಬ ಪದ ಗಂಡು ಹೆಣ್ಣೆಂಬ ಭೇದವಿಲ್ಲದೆ ಲ್ಯಾಟಿನ್ ಅಮೆರಿಕ ಮೂಲದವರನ್ನೆಲ್ಲ ಸೂಚಿಸಲು ಸಂಸ್ಥೆಗಳು ಬಳಸುವುದು. ಜನಸಾಮಾನ್ಯರ ಬಾಯಲ್ಲಿ ಅಷ್ಟಾಗಿ ಇಲ್ಲ. ಮಗಳ ಪಕ್ಕ ಕೂರುವ ಮಗು ಎಲ್ ಸಾಲ್ವಡಾರ್ ಅಥವಾ ಗ್ವಾಟೆಮಾಲಾ ಮೂಲದ್ದಿರಬಹುದು. ಗ್ವಾಟೆಮಾಲಾದ ಕೆಲವು ಊರುಗಳಲ್ಲಿ ಅದೇ ನವೆಂಬರ್ 1ರಂದು ಸ್ಮಶಾನದಲ್ಲಿ ಆಳೆತ್ತರ ಮೀರಿದ ಕಾಗದದ ಗಾಳಿಪಟಗಳನ್ನು ಎತ್ತುತ್ತಾರೆ. ಎಲ್ಲರನ್ನೂ ಮೆಕ್ಸಿಕನ್ ಎಂದು ಕರೆಯದಿದ್ದರೆ ಸಾಕು. ಕನ್ನಡಿಗರನ್ನು ಮದ್ರಾಸಿ ಎಂದಾಗ ನಮಗೆ ಆಗುವುದೇ ಅವರಿಗೂ ಆಗುತ್ತದೆ.

ಇನ್ನು ಫೋಟೊ. ಮೂಲ ಫೋಟೊವನ್ನು ದಯವಿಟ್ಟು ಕಳಿಸಬೇಡಿ. ಇದರಲ್ಲಿ ಶಕುನವೇನೂ ಇಲ್ಲ, ಬರಿಯ ರಸಾಯನಶಾಸ್ತ್ರ. ಆ ಕಾಲದ ಸ್ಟುಡಿಯೊ ಫೋಟೊ ಕಪ್ಪುಬಿಳುಪಿನದಾದರೆ ಅದರ ಚಿತ್ರ ನಿಂತಿರುವುದು ಜೆಲಟಿನ್ ಪದರದ ಮೇಲೆ. ತೇವ ತಾಗಿದರೆ ಅದು ಉಬ್ಬಿ ಅಂಟಾಗುತ್ತದೆ, ಒಣಗುವಾಗ ಎದುರಿಗಿರುವ ಗಾಜನ್ನು ಕಚ್ಚಿ ಹಿಡಿಯುತ್ತದೆ. ಎಡೆಯ ಮೇಲೆ ನೀರಿನ ಲೋಟ, ನೀರು ಚಿಮುಕಿಸಿದ ಹೂವು, ಮೇಣದ ಬಿಸಿ ಮೂರೂ ಒಂದು ಗೇಣಿನ ಅಂತರದಲ್ಲಿರುತ್ತವೆ. ಒದ್ದೆ ಚೆಂಡುಹೂವಿನ ಹಳದಿ ಕಾಗದಕ್ಕೆ ಇಳಿದರೆ ತೆಗೆಯುವುದು ಬಲು ಕಷ್ಟ. ಒಮ್ಮೆ ಒಂದು ಕೇಂದ್ರದಿಂದ ನನ್ನ ಮೇಜಿಗೆ ಬಂದ ಮದುವೆ ಫೋಟೊ ಈಗಲೂ ಕಣ್ಣಮುಂದಿದೆ: ಹಿಂದೆ ಅಂಟಿಸಿದ್ದ ಟೇಪನ್ನು ಯಾರೋ ಅವಸರದಲ್ಲಿ ಕಿತ್ತಿದ್ದರು, ಮುಂದೆ ಗಾಜಿಗೆ ಅಂಟಿದ್ದ ಮದುಮಗಳ ಕೆನ್ನೆ ಗಾಜಿನಲ್ಲೇ ಉಳಿದಿತ್ತು. ಮೂರು ವಾರ ಕೆಲಸ ಮಾಡಿ ಗಾಜಿನಿಂದ ಬಿಡಿಸಿದೆ. ಕೆನ್ನೆ ಮಾತ್ರ ಮೊದಲಿನಂತಾಗಲಿಲ್ಲ.

ಆದ್ದರಿಂದ ಫೋಟೊವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಮ್ಯಾಟ್ ಕಾಗದದ ಮೇಲೆ ಎರಡು ಪ್ರತಿ ಮುದ್ರಿಸಿ. ಫ್ರೇಮಿನಿಂದ ಹೊರತೆಗೆಯುವಾಗ ಗಾಜಿಗೆ ಎಲ್ಲಾದರೂ ಅಂಟಿದೆಯೆನಿಸಿದರೆ ಎಳೆಯಬೇಡಿ, ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ. ಗಾಜಿನ ಮೇಲಿನ ಕುಂಕುಮವನ್ನು ಒಣ ಬಟ್ಟೆಯಿಂದಷ್ಟೇ ಒರೆಸಿ. ಪ್ರತಿ ಕಳಿಸುವುದರಿಂದ ಅತ್ತೆಯವರಿಗೂ ಒಂದು ದಾರಿ ತೆರೆಯುತ್ತದೆ: ನಿತ್ಯ ಹೂವೇರಿಸುವ, ಗಂಧದ ಹಾರ ಹಾಕಿದ ಫೋಟೊ ಮನೆಯ ಗೋಡೆ ಬಿಟ್ಟು ಕದಲುವುದಿಲ್ಲ. ಅಷ್ಟಕ್ಕೂ ಅವರು ಒಪ್ಪದಿದ್ದರೆ ಫೋಟೊ ಇಲ್ಲದೆಯೂ ಎಡೆ ಕಟ್ಟಬಹುದು. ಮಾವನವರ ಹೆಸರನ್ನು ಮಗಳು ಕನ್ನಡದಲ್ಲಿ ಬರೆದು ಇಡಬಹುದು. ಅವರ ಕನ್ನಡಕದ ಡಬ್ಬಿಯೋ ಕಾಫಿ ಲೋಟವೋ ಸಾಕು. ಬುರುಡೆ ಕಡ್ಡಾಯವೇನಲ್ಲ, ನಮ್ಮ ಭಾಗದಲ್ಲಿ ಹೂವು ದೀಪ ಮಾತ್ರ ಇರಲಿ ಎಂದು ಶಿಕ್ಷಕಿಗೆ ಮೊದಲೇ ಒಂದು ಸಾಲು ಬರೆದರೆ ಅವರು ಜಾಗ ಬೇರೆ ಮಾಡಿಕೊಡುತ್ತಾರೆ. ಮಗಳನ್ನು ಕಳಿಸದೇ ಇರುವುದೂ ಒಂದು ಆಯ್ಕೆಯೇ, ಆದರೆ ಇದ್ದವುಗಳಲ್ಲಿ ನನಗೆ ತೀರ ಹಿಡಿಸದ್ದು ಅದು: ಹತ್ತು ವರ್ಷದ ಹುಡುಗಿ ತಾನಾಗಿ ಅಜ್ಜನನ್ನು ನೆನೆಯಲು ಹೊರಟಾಗ ಬೇಡವೆಂದರೆ, ಅಜ್ಜನ ಮಾತೆತ್ತುವುದೇ ತಪ್ಪೆಂದು ಅವಳು ತಿಳಿದುಕೊಂಡಾಳು. ಅತ್ತೆಯವರಿಗೆ ಹೇಳದೆ ಕದ್ದು ಕಳಿಸುವುದು ಅದಕ್ಕಿಂತಲೂ ಕೆಟ್ಟದ್ದು, ಯಾಕೆಂದರೆ ಮಗಳು ಮನೆಗೆ ಬಂದವಳೇ ಮೊದಲು ಹೇಳುವುದು ಅಜ್ಜಿಗೇ.

ಪ್ರಿಂಟಿನ ಮಾತು. ನಮ್ಮೂರುಗಳಲ್ಲಿ ಮದುವೆ ಕಾಗದ ಅಚ್ಚುಹಾಕುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯನ್ನು ನೀವು ನೋಡಿರಬಹುದು: ಚೌಕಟ್ಟಿಗೆ ಬಿಗಿದ ಬಲೆಬಟ್ಟೆ, ಅದರ ಮೇಲೆ ಮಂದವಾದ ಶಾಯಿ, ರಬ್ಬರಿನ ಅಲಗಿನಿಂದ ಒಂದೇ ಎಳೆತ. ಇಲ್ಲಿ ನಡೆಯುವುದೂ ಅದೇ, ಆದರೆ ಬಣ್ಣಕ್ಕೊಂದು ಸ್ಕ್ರೀನ್. ಎಂಟು ಬಣ್ಣದ ಚಿತ್ರಕ್ಕೆ ಎಂಟು ಸ್ಕ್ರೀನ್; ಒಂದೊಂದು ಹಾಳೆಯೂ ಎಂಟು ಸಲ ಮೇಜಿಗೆ ಬಂದು, ಎಂಟು ಸಲವೂ ಕೂದಲೆಳೆಯಷ್ಟೂ ಕದಲದೆ ಹೊಂದಿಕೊಳ್ಳಬೇಕು. ಕಲಾವಿದ ಬೇರೆಡೆ ಬರೆದ ಚಿತ್ರದ ನಕಲು ಅದಲ್ಲ; ಆ ಮೇಜಿನ ಮೇಲೆ ಹುಟ್ಟಿದ್ದೇ ಮೂಲಕೃತಿ, ಅದಕ್ಕೆ ಅರವತ್ತು ಮೈ. 14/60 ಎಂದರೆ ಅರವತ್ತರಲ್ಲಿ ಹದಿನಾಲ್ಕನೆಯದು. ಒಂದನೆಯದು ಶ್ರೇಷ್ಠ, ಅರವತ್ತನೆಯದು ಕಳಪೆ ಎಂಬುದು ಕಟ್ಟುಕಥೆ. ಮುದ್ರಣ ಮುಗಿದ ಮೇಲೆ ಸ್ಕ್ರೀನನ್ನು ತೊಳೆದುಬಿಡುವುದರಿಂದ ಅರವತ್ತೊಂದನೆಯದು ಬರುವುದಿಲ್ಲ. ಸೆಲ್ಫ್ ಹೆಲ್ಪ್ ಗ್ರಾಫಿಕ್ಸ್‌ನಂಥ ಕಡೆ 1980ರ ದಶಕದ ಆರಂಭದಿಂದ ಕಲಾವಿದರನ್ನು ಕರೆಸಿ ನುರಿತ ಮುದ್ರಕರ ಜೊತೆ ಹೀಗೆ ಕೆಲಸ ಮಾಡಿಸುತ್ತ ಬಂದಿದ್ದಾರೆ. ಸಾಮಾನ್ಯವಾಗಿ ಪ್ರತಿಗಳಲ್ಲಿ ಒಂದು ಪಾಲು ಕಲಾವಿದರಿಗೆ, ಒಂದು ಪಾಲು ಕೇಂದ್ರಕ್ಕೆ. ನೀವು ಕೊಡುವ ಹಣದಿಂದ ಆ ಬೀದಿಯ ಕಲಾವಿದರ ಮುಂದಿನ ಕೆಲಸ ನಡೆಯುತ್ತದೆ.

ಎಚ್ಚರ ಬೇಕಿರುವುದು ಇನ್ನೊಂದರಲ್ಲಿ. ಕಂಪ್ಯೂಟರ್ ಪ್ರಿಂಟರಿನಲ್ಲಿ ತೆಗೆದ ಪ್ರತಿಗೂ ಕೆಳಗೆ ಸಂಖ್ಯೆ ಬರೆದು ಮಾರುವವರಿದ್ದಾರೆ. ಒಂದು ಭೂತಗನ್ನಡಿ ಹಿಡಿದು ನೋಡಿ: ಕೈಮುದ್ರಣದಲ್ಲಿ ಬಣ್ಣ ಒಂದರ ಮೇಲೊಂದು ಕೂತ ಪದರವಾಗಿ ಕಾಣುತ್ತದೆ, ಅಂಚಿನಲ್ಲಿ ಶಾಯಿಯ ಸಣ್ಣ ಏರು ಇರುತ್ತದೆ, ಕಂಪ್ಯೂಟರ್ ಪ್ರತಿಯಲ್ಲಿ ನವಿರಾದ ಬಣ್ಣದ ಚುಕ್ಕಿಗಳು ಚೆಲ್ಲಿದಂತಿರುತ್ತವೆ. ಯಾರು ಮುದ್ರಿಸಿದರು, ಎಷ್ಟು ಸ್ಕ್ರೀನ್, ಕಾಗದ ಹತ್ತಿಯದೇ ಎಂದು ಕೇಳಿ. ಪ್ರಾಮಾಣಿಕ ಕೇಂದ್ರದವರು ಕೇಳಿದ್ದಕ್ಕಿಂತ ಹೆಚ್ಚೇ ಹೇಳುತ್ತಾರೆ. ಮುಂದೆ ಬೆಲೆ ಏರುತ್ತದೆಂಬ ಆಸೆಯಿಂದ ಕೊಳ್ಳಬೇಡಿ, ಏರದಿರುವುದೇ ಹೆಚ್ಚು. ಕೊಂಡರೆ ಆಮ್ಲರಹಿತ ರಟ್ಟಿನಲ್ಲಿ ಫ್ರೇಮು ಹಾಕಿಸಿ, ಗಾಜಿಗೂ ಚಿತ್ರಕ್ಕೂ ನಡುವೆ ಸಂದು ಬಿಡಿಸಿ, ಬಿಸಿಲು ನೇರ ಬೀಳುವ ಗೋಡೆ ತಪ್ಪಿಸಿ. ಮಾವನವರ ಫೋಟೊವನ್ನೂ ಅದೇ ಅಂಗಡಿಯಲ್ಲಿ ಅದೇ ರೀತಿ ಮರುಫ್ರೇಮು ಮಾಡಿಸುವುದು ಒಳ್ಳೆಯದು.

ಎಡೆಯನ್ನು ಯಾವ ದಿನ ಬಿಚ್ಚುತ್ತಾರೆಂದು ಶಿಕ್ಷಕಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕೆಲವು ಕಡೆ ಎರಡು ವಾರ ಇಟ್ಟಿರುತ್ತಾರೆ, ಬಾಡಿದ ಹೂವಿನ ಜೊತೆ ಕಾಗದಗಳೂ ಕಸಕ್ಕೆ ಹೋಗುವುದುಂಟು. ಅಲ್ಲಿಟ್ಟ ಪ್ರತಿಯನ್ನು ವಾಪಸು ತರಬೇಕೇ, ತಂದ ಮೇಲೆ ಎಲ್ಲಿಡಬೇಕು ಎಂಬುದನ್ನು ಅತ್ತೆಯವರೇ ಹೇಳಲಿ.